ಅರಳುಮರಳೂ ಗಾಡಿಯ ಕೀಲಿಕೈಯೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಒಮ್ಮೆಯಾದರೂ ಆಡದ ಕನ್ನಡದ ಮನೆ ಇರಲಾರದು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದಕ್ಕಾಗಿಯೇ ಮನೆಯ ಮೂಲೆಮೂಲೆಯನ್ನೂ ತಡಕುವ ತಾತನವರು, ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಿಗೆ ಕುಳಿತ ಅಜ್ಜಿ, ಮೊಮ್ಮಗನನ್ನು ಕರೆಯಹೋಗಿ ಮೊದಲು ಮಗನ ಹೆಸರನ್ನೂ ಬಳಿಕ ಅಳಿಯನ ಹೆಸರನ್ನೂ ಕೂಗಿ ಮೂರನೆಯ ಬಾರಿಗೆ ಗುರಿ ಮುಟ್ಟುವ ದೊಡ್ಡಪ್ಪ, ಇವರೆಲ್ಲರನ್ನೂ ನಾವು ಆ ಒಂದೇ ಗಾದೆಯ ಕೊಳಗದಿಂದ ಅಳೆಯುತ್ತೇವೆ. ಆಡಿದವರೂ ನಗುತ್ತಾರೆ, ಆಡಿಸಿಕೊಂಡವರೂ ನಗುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಗೆಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಈ ಗಾದೆಯಿಂದ ಎರಡು ಬಗೆಯ ಅನ್ಯಾಯ ನಡೆದುಹೋಗಿದೆ. ಮೊದಲನೆಯದು, ಅರವತ್ತು ದಾಟಿದವರೆಲ್ಲರ ಮೇಲೂ ಅದು ಸುಳ್ಳು ಆರೋಪವನ್ನು ಹೊರಿಸುತ್ತದೆ. ಬೇಂದ್ರೆಯವರು ಇದೇ ಗಾದೆಯ ಮಾತನ್ನು ಹಿಡಿದು ‘ಅರಳು ಮರಳು’ ಎಂದು ತಮ್ಮ ಕವನಸಂಕಲನಕ್ಕೆ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ ಅವರಿಗೆ ಅರವತ್ತು ದಾಟಿ ಎರಡು ವರ್ಷವಾಗಿತ್ತು. ಅರವತ್ತಕ್ಕೆ ಮರುಳು ಮಾತ್ರವಲ್ಲ, ಮರಳಿ ಅರಳುವುದೂ ಉಂಟೆಂದು ಹೆಸರೇ ಹೇಳುವಂತಿತ್ತು. ಎರಡನೆಯ ಅನ್ಯಾಯ ಇದಕ್ಕಿಂತ ಘೋರವಾದುದು. ನಿಜವಾಗಿಯೂ ರೋಗ ತಗುಲಿದವರ ವಿಷಯದಲ್ಲಿ ‘ವಯಸ್ಸಾಯಿತು, ಇನ್ನೇನು’ ಎಂದು ನಾವು ಕೈಕಟ್ಟಿ ಕೂರುವಂತೆ ಅದು ಮಾಡಿದೆ. ಹಾಗೆ ಕೂತಿರುವಾಗ ಆ ಹಿರಿಯರ ಜೇಬಿನಲ್ಲಿ ಸ್ಕೂಟರಿನದೋ ಕಾರಿನದೋ ಕೀಲಿಕೈ ಇದ್ದರೆ ಏನಾದೀತು? ಈ ವಾರ ಅದನ್ನು ಕುರಿತು ನಾಲ್ಕು ಮಾತು.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ದೇಶದಲ್ಲಿ ನಡೆಸಿದ ವ್ಯಾಪಕವಾದ ಅಧ್ಯಯನವೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ, ಎಂದರೆ ಮರೆಗುಳಿ ರೋಗ ಉಂಟು. ಒಟ್ಟು ಸುಮಾರು 88 ಲಕ್ಷ ಜನ. ಈ ಸಂಖ್ಯೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನೇ ತಿರುವಿ ಓದಿದರೆ, ಅರವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಆ ರೋಗವಿಲ್ಲ. ಗಾದೆ ಸುಳ್ಳಾದರೂ ವೇದ ಸುಳ್ಳಾಗದೆಂದು ಬೇಕಾದರೆ ತಿರುಗಿಸಿ ಹೇಳಿಕೊಳ್ಳಬಹುದು!

ವಯಸ್ಸು ರೋಗವಲ್ಲವೆಂಬುದಕ್ಕೆ ಈ ರೋಗದ ಚರಿತ್ರೆಯೇ ಸಾಕ್ಷಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಹೆಂಗಸೊಬ್ಬಳನ್ನು ಅವಳ ಗಂಡ ಕರೆತಂದ. ತನ್ನ ಹೆಸರನ್ನು ಬರೆಯಹೊರಟವಳು ನಡುವೆಯೇ ನಿಂತುಬಿಡುತ್ತಿದ್ದಳು. ಅವಳಿಗಾಗ ಐವತ್ತೊಂದೇ ವರ್ಷ. ಅವಳನ್ನು ಪರೀಕ್ಷಿಸಿದ ಆಲೋಯ್ಸ್ ಆಲ್ಝೈಮರ್ ಎಂಬ ವೈದ್ಯನು, 1906ರಲ್ಲಿ ಅವಳು ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ವಿಚಿತ್ರವಾದ ಗಂಟುಗಳನ್ನೂ ಕಲೆಗಳನ್ನೂ ಅದೇ ವರ್ಷ ಪಂಡಿತರ ಸಭೆಯಲ್ಲಿ ವಿವರಿಸಿದನು. ನಾಲ್ಕು ವರ್ಷಗಳ ಅನಂತರ, 1910ರಲ್ಲಿ, ರೋಗಕ್ಕೆ ಅವನ ಹೆಸರೇ ನಿಂತಿತು. ಮರೆಗುಳಿ ರೋಗಗಳಲ್ಲಿ ಹೆಚ್ಚಿನ ಪಾಲು ಇದೇ.

ಹಾಗಾದರೆ ಸಹಜವಾದ ಮರೆವು ಯಾವುದು, ರೋಗದ ಮರೆವು ಯಾವುದು? ವಯಸ್ಸಾದಂತೆ ಮಿದುಳಿನ ಕೆಲಸ ನಿಧಾನವಾಗುತ್ತದೆ. ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ; ಸಂಜೆ ಕಾಫಿ ಕುಡಿಯುವಾಗ ತಾನಾಗಿ ಇಳಿಯುತ್ತದೆ. ಶಬ್ದಸಂಪತ್ತು ಕುಂದುವುದಿಲ್ಲ, ಅನುಭವದ ತಿಳಿವಳಿಕೆ ಕುಂದುವುದಿಲ್ಲ. ಇದು ವಯಸ್ಸು. ರೋಗದಲ್ಲಿ ಹೆಸರಲ್ಲ, ಘಟನೆಯೇ ಅಳಿಸಿಹೋಗುತ್ತದೆ. ಬೆಳಗ್ಗೆ ಅಳಿಯ ಬಂದು ಊಟಮಾಡಿ ಹೋದದ್ದನ್ನು ಸಂಜೆ ನೆನಪಿಸಿದರೂ ‘ಓಹೋ, ಹೌದಲ್ಲ’ ಎಂಬ ಮಾತು ಬರುವುದಿಲ್ಲ. ಒಂದೇ ಪ್ರಶ್ನೆಯನ್ನು ಗಂಟೆಯೊಳಗೆ ಐದು ಸಲ ಕೇಳಿದರೆ, ಐದು ಸಲವೂ ಅದು ಮೊದಲನೆಯ ಸಲವೇ. ಮೊದಲನೆಯದು ಗ್ರಂಥಾಲಯದಲ್ಲಿ ಪುಸ್ತಕ ಸಿಕ್ಕದಿರುವುದು. ಎರಡನೆಯದು ಪುಸ್ತಕವೇ ಗ್ರಂಥಾಲಯಕ್ಕೆ ಬಾರದಿರುವುದು.

ಇಲ್ಲಿ ಮನೆಯವರನ್ನು ಮೋಸಗೊಳಿಸುವ ಸಂಗತಿಯೊಂದುಂಟು. ‘ಅಪ್ಪನಿಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ, ಆದರೆ ಗಾಡಿ ಓಡಿಸುವುದರಲ್ಲಿ ಇವತ್ತಿಗೂ ಅವರದು ಎತ್ತಿದ ಕೈ’ ಎಂದು ಮಕ್ಕಳು ಹೇಳುವುದನ್ನು ನಾನು ಕೇಳಿದ್ದೇನೆ. ಅವರ ಮಾತು ಸುಳ್ಳಲ್ಲ, ಅರ್ಧ ಸತ್ಯ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ತರುಣನಿಗೆ 1953ರಲ್ಲಿ ಮೂರ್ಛೆರೋಗದ ನಿವಾರಣೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಒಳಭಾಗದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಅಂಗವುಂಟು. ಅದರ ಬಹುಭಾಗವನ್ನು ಎರಡು ಕಡೆಯಿಂದಲೂ ತೆಗೆದರು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಯಾವುದನ್ನೂ ಆತ ನೆನಪಿನಲ್ಲಿ ನಿಲ್ಲಿಸಿಕೊಳ್ಳಲಾರದೆ ಹೋದ. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯೊಂದರ ಗೆರೆಯನ್ನು ತಿದ್ದಬೇಕು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿದಿನವೂ ಆತನಿಗೆ ಅದು ಹೊಚ್ಚ ಹೊಸ ಕೆಲಸ. ಹಿಂದೆಂದೂ ಮಾಡಿದ ನೆನಪಿಲ್ಲ. ಕೈಯ ನೆನಪೂ ಮನಸ್ಸಿನ ನೆನಪೂ ಬೇರೆಬೇರೆ ಕೋಣೆಗಳಲ್ಲಿ ವಾಸಿಸುತ್ತವೆಂಬುದು ಹೀಗೆ ತಿಳಿದುಬಂದಿತು.

ಆಲ್ಝೈಮರ್ ರೋಗ ಸಾಮಾನ್ಯವಾಗಿ ಮೊದಲು ಮುತ್ತುವುದು ಹಿಪ್ಪೊಕ್ಯಾಂಪಸಿನ ಆಸುಪಾಸನ್ನೇ. ಕ್ಲಚ್ಚು ಒತ್ತಿ ಗೇರು ಬದಲಿಸುವ, ಸ್ಕೂಟರಿನ ಮೇಲೆ ತೂಕ ಕಾಯ್ದುಕೊಳ್ಳುವ ಕೈಕಾಲುಗಳ ಜಾಣತನ ಬಹುಕಾಲ ಉಳಿದಿರುತ್ತದೆ. ಆದಕಾರಣ ಖಾಲಿ ರಸ್ತೆಯಲ್ಲಿ, ಬೆಳಗಿನ ಹೊತ್ತು, ಪರಿಚಿತವಾದ ದಾರಿಯಲ್ಲಿ ರಾಯರ ಸವಾರಿ ಸೊಗಸಾಗಿಯೇ ಸಾಗುತ್ತದೆ. ಅದನ್ನು ಕಂಡ ಮಗ ನೆಮ್ಮದಿಯಿಂದ ಊರಿಗೆ ಹಿಂದಿರುಗುತ್ತಾನೆ. ಆದರೆ ವಾಹನ ನಡೆಸುವುದೆಂದರೆ ಬರಿಯ ಕೈಕಾಲಿನ ಕೆಲಸವೆ?

ಅದು ಅವಧಾನ. ನಮ್ಮ ಸಾಹಿತ್ಯಪರಂಪರೆಯಲ್ಲಿ ಅಷ್ಟಾವಧಾನವೆಂಬ ಕಲೆಯುಂಟು. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ, ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಂಕಿಗಳನ್ನು ಕ್ರಮ ತಪ್ಪಿಸಿ ಕೇಳುತ್ತಾರೆ. ಇವರ ನಡುವೆ ಅಪ್ರಸ್ತುತಪ್ರಸಂಗಿಯೊಬ್ಬ ಬೇಕೆಂದೇ ಅಡ್ಡಮಾತೆತ್ತಿ ಗಮನ ಕೆಡಿಸುತ್ತಾನೆ. ಅವಧಾನಿ ಎಲ್ಲರಿಗೂ ಉತ್ತರ ಕೊಡುತ್ತ ಯಾವ ಎಳೆಯನ್ನೂ ಕೈಬಿಡದೆ ಕಡೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. ಈಗ ಸಂಜೆ ಆರು ಗಂಟೆಗೆ ಬೆಂಗಳೂರಿನ ಯಾವುದಾದರೊಂದು ವೃತ್ತದಲ್ಲಿ ಬಲಕ್ಕೆ ತಿರುಗಬೇಕಾದವನನ್ನು ನೆನೆಯಿರಿ. ಎದುರಿನಿಂದ ಬರುವ ಬಸ್ಸು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ? ಸಿಗ್ನಲ್ಲಿನ ಹಸಿರು ಇನ್ನೆಷ್ಟು ಹೊತ್ತು? ಎಡಗಡೆ ನುಸುಳಿದ ಆಟೋ ಯಾವ ಕಡೆಗೆ ಹೊರಳೀತು? ರಸ್ತೆ ದಾಟಲು ಕಾಲಿಟ್ಟ ಶಾಲೆಯ ಹುಡುಗಿ ನಿಲ್ಲುತ್ತಾಳೆಯೆ, ಓಡುತ್ತಾಳೆಯೆ? ಇಂಡಿಕೇಟರ್ ಹಾಕಿದೆನೆ? ಹಿಂದಿನವನು ಹಾರ್ನ್ ಒತ್ತುತ್ತಿರುವುದು ನನಗೋ ಬೇರೆಯವರಿಗೋ? ಅಪ್ರಸ್ತುತಪ್ರಸಂಗಿಯಾಗಿ ಜೇಬಿನಲ್ಲಿ ಫೋನು ಕೂಗುತ್ತದೆ. ಇಷ್ಟಕ್ಕೂ ಉತ್ತರ ಎರಡು ಮೂರು ಕ್ಷಣಗಳಲ್ಲಿ ಆಗಬೇಕು. ಸಭೆಯಲ್ಲಿ ಅವಧಾನಿ ತಪ್ಪಿದರೆ ಪದ್ಯ ಕೆಡುತ್ತದೆ. ಇಲ್ಲಿ ತಪ್ಪಿದರೆ ಆ ಹುಡುಗಿ ಮನೆಗೆ ಬರುವುದಿಲ್ಲ.

ಅವಧಾನದ ಈ ಶಕ್ತಿ ವಯಸ್ಸಿನೊಡನೆ ತುಸು ಕುಂದುವುದು ಸಹಜ. ಹಿರಿಯರು ನಿಧಾನವಾಗಿ ಓಡಿಸಿ, ರಾತ್ರಿಯ ಹೊತ್ತು ಹೊರಡದೆ, ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಆದರೆ ಮರೆಗುಳಿ ರೋಗದ ಆರಂಭದಲ್ಲಿ ಗಮನವನ್ನು ಹಂಚುವ, ಒಂದರಿಂದ ಇನ್ನೊಂದಕ್ಕೆ ಹೊರಳಿಸುವ, ದೂರ ವೇಗಗಳನ್ನು ಅಂದಾಜು ಮಾಡುವ ಶಕ್ತಿಗಳು ಬಹುಬೇಗ ಸವೆಯಬಲ್ಲವು. ಕಣ್ಣು ಚೆನ್ನಾಗಿದ್ದೂ ಕಾಣದಂತಾಗುವುದುಂಟು. ಒಂದೇ ನೋಟದಲ್ಲಿ ಮನಸ್ಸು ಹಿಡಿದುಕೊಳ್ಳುವ ಪ್ರದೇಶವೇ ಕಿರಿದಾಗಿ, ಪಕ್ಕದಿಂದ ಬಂದ ಸೈಕಲ್ಲು ಕಣ್ಣಿಗೆ ಬಿದ್ದರೂ ಬುದ್ಧಿಗೆ ಬೀಳುವುದಿಲ್ಲ. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದವರಿಗೂ ಈ ಕುರುಡು ಬರಬಹುದು.

ನಾಲ್ಕು ರಸ್ತೆ ಕೂಡುವಲ್ಲಿಯೇ ವೃದ್ಧ ಚಾಲಕರು ಹೆಚ್ಚಾಗಿ ಎಡವುತ್ತಾರೆಂಬುದು ಹಲವು ದೇಶಗಳ ಅನುಭವ. ಕೂಡುರಸ್ತೆ ರಾಜಮನೆತನವನ್ನೂ ಬಿಡುವುದಿಲ್ಲ. 2019ರ ಜನವರಿಯಲ್ಲಿ ಇಂಗ್ಲೆಂಡಿನ ರಾಣಿಯ ಪತಿ, ರಾಜಕುಮಾರ ಫಿಲಿಪ್ ಅವರು ತಮ್ಮ 97ನೆಯ ವಯಸ್ಸಿನಲ್ಲಿ ಕಾರನ್ನು ಮುಖ್ಯರಸ್ತೆಗೆ ತರುವಾಗ ಇನ್ನೊಂದು ಕಾರಿಗೆ ಡಿಕ್ಕಿಹೊಡೆದರು. ಅವರ ವಾಹನ ಮಗುಚಿತು. ಮತ್ತೊಂದು ಕಾರಿನಲ್ಲಿದ್ದ ಹಸುಗೂಸಿಗೆ ಅದೃಷ್ಟವಶಾತ್ ಏನೂ ಆಗಲಿಲ್ಲ. ಅವರಿಗೆ ಮರೆಗುಳಿ ರೋಗವಿತ್ತೆಂದು ಯಾರೂ ಹೇಳಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಅವರೇ ತಿಳಿಸಿದರು. ಆದರೂ ಮರುತಿಂಗಳೇ ತಾವಾಗಿ ಲೈಸೆನ್ಸನ್ನು ಹಿಂದಿರುಗಿಸಿಬಿಟ್ಟರು.

ಮನೆಯವರು ಗಮನಿಸತಕ್ಕ ಲಕ್ಷಣಗಳು ಕೆಲವುಂಟು. ನಿತ್ಯ ಓಡಾಡುವ ದಾರಿಯಲ್ಲಿ ದಿಕ್ಕು ತಪ್ಪುವುದು. ಹತ್ತು ನಿಮಿಷದ ಕೆಲಸಕ್ಕೆ ಹೋದವರು ಗಂಟೆಯ ಮೇಲೆ ಬಂದು ಕಾರಣ ಹೇಳಲು ತಡವರಿಸುವುದು. ಬಂಪರಿನ ಮೇಲೂ ಗೇಟಿನ ಕಂಬದ ಮೇಲೂ ಹೊಸ ಗೀರುಗಳು ಕಾಣಿಸುವುದು. ಹಸಿರು ದೀಪಕ್ಕೆ ನಿಂತು ಕೆಂಪು ದೀಪಕ್ಕೆ ಹೊರಡುವುದು. ಬ್ರೇಕೆಂದು ಆಕ್ಸಿಲರೇಟರನ್ನು ತುಳಿಯುವುದು. ಇವುಗಳಲ್ಲಿ ಒಂದು ಒಮ್ಮೆ ಆದರೆ ಗಾಬರಿ ಬೇಡ. ಪದೇ ಪದೇ ಆದರೆ ಉಪೇಕ್ಷೆ ಬೇಡ. ಇನ್ನೊಂದು ಲಕ್ಷಣವನ್ನು ಯಾವ ವೈದ್ಯನೂ ಕಾಣಲಾರ, ಗೃಹಿಣಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಕುಳಿತ ಹೆಂಡತಿ ‘ಇಲ್ಲಿ ಎಡಕ್ಕೆ’, ‘ನಿಧಾನ, ಮುಂದೆ ಹಂಪು’, ‘ಸಿಗ್ನಲ್ ಬಿತ್ತು ನೋಡಿ’ ಎಂದು ಹೇಳುತ್ತ ಹೋಗುವುದು ಎಲ್ಲ ಸಂಸಾರಗಳಲ್ಲೂ ಉಂಟು, ಅದು ಬರಿಯ ಅಭ್ಯಾಸ. ಆದರೆ ಅವಳು ಹೇಳದಿದ್ದರೆ ಗಾಡಿ ಸರಿಯಾಗಿ ಹೋಗುವುದಿಲ್ಲವೆಂಬ ಸ್ಥಿತಿ ಬಂದರೆ, ಎಂಟು ಅವಧಾನಗಳಲ್ಲಿ ನಾಲ್ಕನ್ನು ಆಕೆಯೇ ಹೊತ್ತಿದ್ದಾಳೆಂದು ತಿಳಿಯಬೇಕು. ಗಂಡನ ಮಾನ ಕಾಯಲೆಂದು ಆ ಸಾಧ್ವಿಯರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ನಲವತ್ತು ವರ್ಷ ಸ್ಕೂಟರು ನಡೆಸಿ ಒಂದು ಕೋಳಿಗೂ ನೋವು ಮಾಡದವರು. ಒಂದು ದಿನ ತರಕಾರಿ ತಂದು ಹಿಂದಿರುಗುವಾಗ ತಮ್ಮ ಮನೆಯ ಮುಂದೆಯೇ ಮೂರು ಸಲ ಹಾದುಹೋದರು. ಬಾಗಿಲಲ್ಲಿ ನಿಂತ ಪತ್ನಿ ನೋಡಿದರು, ಸುಮ್ಮನಿದ್ದರು. ರಜಕ್ಕೆ ಬಂದ ಮಗಳಿಗೆ ಎರಡೇ ದಿನದಲ್ಲಿ ವಿಷಯ ತಿಳಿಯಿತು. ತಂದೆಯ ಜೊತೆಗೆ ಒಬ್ಬಳೇ ಕುಳಿತು ನೇರವಾಗಿ ಹೇಳಿದಳು. ಮೇಷ್ಟರಿಗೆ ಸಿಟ್ಟು ಬಂದಿತು.

“ನನ್ನ ಲೈಸೆನ್ಸಿಗೆ ಇನ್ನೂ ಮೂರು ವರ್ಷ ಇದೆಯಮ್ಮ.”

“ಲೈಸೆನ್ಸಿಗೆ ಮೂರು ವರ್ಷ ಇದೆ ಅಪ್ಪ. ಎದುರಿಗೆ ಬರೋ ಮಗೂಗೆ ನೂರು ವರ್ಷ ಇರಬೇಕಲ್ಲ.”

ಮೇಷ್ಟರು ಹದಿನೈದು ದಿನ ಮಗಳೊಡನೆ ಮಾತು ಬಿಟ್ಟರು. ಆದರೆ ಸ್ಕೂಟರನ್ನೂ ಮುಟ್ಟಲಿಲ್ಲ.

ಮೇಷ್ಟರ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಲೈಸೆನ್ಸು ಅವರ ಪಾಲಿಗೆ ಸರಕಾರವೇ ಕೊಟ್ಟ ಸರ್ಟಿಫಿಕೇಟು. ಆದರೆ ಅದರ ಅಳವಿಯೆಷ್ಟು ನೋಡಿ. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯ ಪ್ರಕಾರ ಐವತ್ತೈದು ದಾಟಿದವರಿಗೆ ಲೈಸೆನ್ಸು ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ನಲವತ್ತು ದಾಟಿದವರು 1-ಎ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ತರಬೇಕು. ಕೆಂಪು ಹಸಿರುಗಳ ಭೇದ ಕಾಣುವುದೆ, ಇಪ್ಪತ್ತೈದು ಮೀಟರು ದೂರದಿಂದ ನಂಬರು ಫಲಕ ತಿಳಿಯುವುದೆ, ಕಿವಿ ಕೇಳುವುದೆ, ಕೈಕಾಲು ನೆಟ್ಟಗಿವೆಯೆ, ಮುಖ್ಯವಾಗಿ ಇವೇ ಅದರ ಪ್ರಶ್ನೆಗಳು. ನೆನಪನ್ನೂ ಅವಧಾನವನ್ನೂ ಅಳೆದು ನೋಡುವ ಪರೀಕ್ಷೆ ಅದರಲ್ಲಿಲ್ಲ. ರೋಗದಿಂದ ಅಸಮರ್ಥರಾದವರು ವಾಹನ ನಡೆಸುವುದು ಅಪರಾಧವೆಂದು ಕಾಯಿದೆ ಹೇಳುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ನೆನಪಿಗೆ ಬರುವುದು ಅಪಘಾತವಾದ ಮೇಲೆ.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಎಪ್ಪತ್ತೈದು ದಾಟಿದವರ ಲೈಸೆನ್ಸಿನ ನವೀಕರಣಕ್ಕೆ 2009ರಿಂದ ಅಲ್ಲಿ ನೆನಪಿನ ಪರೀಕ್ಷೆ ಕಡ್ಡಾಯ. ಚಿತ್ರಗಳನ್ನು ತೋರಿಸಿ, ಸ್ವಲ್ಪ ಹೊತ್ತಿನ ಬಳಿಕ ಏನೇನು ಕಂಡಿರೆಂದು ಕೇಳುತ್ತಾರೆ. ಇಂದು ಯಾವ ದಿನ, ಈಗ ಎಷ್ಟು ಹೊತ್ತು ಎಂದು ಬರೆಸುತ್ತಾರೆ. ಸಂದೇಹ ಬಂದರೆ ವೈದ್ಯರ ಬಳಿಗೆ. ರೋಗವೆಂದು ನಿಶ್ಚಯವಾದರೆ ಲೈಸೆನ್ಸು ರದ್ದು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಈ ಪರೀಕ್ಷೆಯಲ್ಲ. ತಾವಾಗಿ ಲೈಸೆನ್ಸು ಒಪ್ಪಿಸಿದ ಹಿರಿಯರಿಗೆ ಅಲ್ಲಿ ಒಂದು ಪತ್ರ ಕೊಡುತ್ತಾರೆ: ಇವರು ವಾಹನ ನಡೆಸಿದವರೆಂಬ ಅನುಭವದ ಪತ್ರ! ಅದು ಗುರುತಿನ ಚೀಟಿಯೂ ಹೌದು. ಎಷ್ಟೋ ಊರುಗಳಲ್ಲಿ ಅದನ್ನು ತೋರಿಸಿದರೆ ಬಸ್ಸಿನಲ್ಲೂ ಟ್ಯಾಕ್ಸಿಯಲ್ಲೂ ರಿಯಾಯಿತಿ. ಕಿತ್ತುಕೊಳ್ಳುವುದಕ್ಕೂ ಗೌರವದಿಂದ ಬೀಳ್ಕೊಡುವುದಕ್ಕೂ ಎಷ್ಟು ಅಂತರ!

ಕಾನೂನು ಕೇಳದ ಪ್ರಶ್ನೆಯನ್ನು ನಮ್ಮಲ್ಲಿ ಮನೆಯವರೇ ಕೇಳಬೇಕಾಗಿದೆ. ಹೇಗೆ ಕೇಳಬೇಕು? ಮೊಟ್ಟಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಮರೆವೆಲ್ಲ ಆಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ (ಸಸ್ಯಾಹಾರಿಗಳಾದ ನಮ್ಮ ಹಿರಿಯರಲ್ಲಿ ಇದು ಸಾಮಾನ್ಯ), ಥೈರಾಯ್ಡಿನ ದೋಷ, ಮನಸ್ಸಿನ ಖಿನ್ನತೆ, ನಿದ್ರೆಯ ಮಾತ್ರೆ, ನೆಗಡಿಯ ಮಾತ್ರೆ, ಎಂದೋ ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲವೂ ಮರೆವನ್ನು ತರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಮದ್ದುಂಟು. ಗಡಿಯಾರದ ಮುಖವನ್ನು ಬರೆದು ಹನ್ನೊಂದು ಹತ್ತಕ್ಕೆ ಮುಳ್ಳುಗಳನ್ನಿಡಿ ಎಂಬಂಥ ಸರಳ ಪರೀಕ್ಷೆಗಳಿಂದ ವೈದ್ಯರಿಗೆ ಎಷ್ಟೋ ಗೋಚರವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗಳಲ್ಲಿ ವೃದ್ಧರ ಚಿಕಿತ್ಸೆಗೆಂದೇ ವಿಭಾಗವಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆಮಾಡಿಯೂ ದಾರಿ ಕೇಳಬಹುದು. ರೋಗದ ಹೆಸರು ಬಿದ್ದ ದಿನವೇ ಎಲ್ಲರೂ ವಾಹನ ಬಿಡಬೇಕೆಂಬ ನಿಯಮವಿಲ್ಲ. ತೀರ ಆರಂಭದಲ್ಲಿರುವವರು ಕೆಲವರು ಇನ್ನಷ್ಟು ಕಾಲ ಸುರಕ್ಷಿತವಾಗಿ ನಡೆಸಬಲ್ಲರು. ಅವರನ್ನು ಆರು ತಿಂಗಳಿಗೊಮ್ಮೆಯಾದರೂ ಮತ್ತೆ ಪರೀಕ್ಷಿಸಬೇಕು. ಆದರೆ ರೋಗ ಹೆಜ್ಜೆ ಹಿಂದಿಡುವಂಥದಲ್ಲ. ಬಿಡುವ ದಿನ ಬಂದೇ ಬರುತ್ತದೆ.

ಆ ದಿನದ ಮಾತನ್ನು ಮೊಮ್ಮಕ್ಕಳ ಎದುರಿಗೆ, ನೆಂಟರ ಎದುರಿಗೆ ಆಡಬಾರದು. ಹಿರಿಯರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರೇ ಆಡಬೇಕು. ಮಗನಿಗಿಂತ ಡಾಕ್ಟರೋ, ಹಳೆಯ ಸಹೋದ್ಯೋಗಿಯೋ ಆದರೆ ಲೇಸು. ವಾದದಿಂದ ಗೆಲ್ಲಲು ಹೋಗುವುದು ವ್ಯರ್ಥ. ಈ ರೋಗದ ಕ್ರೌರ್ಯವೆಂದರೆ, ಮರೆತದ್ದು ಮಾತ್ರವಲ್ಲ, ಮರೆಯುತ್ತಿದ್ದೇನೆಂಬುದೂ ಅನೇಕರಿಗೆ ಮರೆತಿರುತ್ತದೆ. ತಮಗೇನೂ ಆಗಿಲ್ಲವೆಂದು ಅವರು ಹೇಳುವಾಗ ಅದು ಹಟವಲ್ಲ, ಸುಳ್ಳಲ್ಲ. ಅವರಿಗೆ ಕಾಣುವ ಸತ್ಯ. ಆರಂಭದಲ್ಲಿರುವವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೇಳಿದ್ದೇ ನಿಲ್ಲದ ಹಂತ ಮುಟ್ಟಿದವರೊಡನೆ ದಿನವೂ ಜಗಳವಾಡುವುದಕ್ಕಿಂತ ಗಾಡಿಯನ್ನೇ ಕಣ್ಣಿನಿಂದ ಮರೆಮಾಡುವುದು ದಯೆ.

ಎಲ್ಲಕ್ಕಿಂತ ಮುಖ್ಯವಾದುದೊಂದುಂಟು. ಸ್ಕೂಟರು ಕೈಬಿಟ್ಟರೆ ಹಿರಿಯರು ಕಳೆದುಕೊಳ್ಳುವುದು ಬರಿಯ ಸವಾರಿಯನ್ನಲ್ಲ. ಕಾಫಿಪುಡಿ ತರುವ ಅಧಿಕಾರ, ವಾಚನಾಲಯದ ಬೆಂಚು, ಪಾರ್ಕಿನ ಗೆಳೆಯ, ‘ಬೇಗ ಬಂದುಬಿಡುತ್ತೇನೆ’ ಎಂದು ಹೇಳಿ ಹೊರಡುವ ಸ್ವಾತಂತ್ರ್ಯ, ಇವೆಲ್ಲವೂ ಅದರ ಹಿಂದಿನ ಸೀಟಿನಲ್ಲಿ ಕುಳಿತಿರುತ್ತವೆ. ‘ಇನ್ನು ಮೇಲೆ ಏನು ಬೇಕಾದರೂ ಆನ್‌ಲೈನಿನಲ್ಲಿ ತರಿಸುತ್ತೇವೆ, ನೀವು ಆರಾಮವಾಗಿ ಕೂತುಕೊಳ್ಳಿ’ ಎನ್ನುವ ಮಗ ತಂದೆಗೆ ಉಪಕಾರ ಮಾಡುತ್ತಿಲ್ಲ. ಮನೆಯೊಳಗೆ ಒಂಟಿಯಾಗಿ ಕುಳಿತವರ ಮರೆವು ಇನ್ನಷ್ಟು ಬೇಗ ಏರುತ್ತದೆ. ನಮ್ಮ ಹೆಡ್‌ಮಾಸ್ತರರ ಮಗಳು ಜಾಣೆ. ಪಕ್ಕದ ಬೀದಿಯ ಆಟೋದವನೊಬ್ಬನನ್ನು ಗೊತ್ತುಮಾಡಿ, ಬುಧವಾರ ಶನಿವಾರ ಸಂಜೆ ಬರುವಂತೆ ಏರ್ಪಡಿಸಿದಳು. ಚೀಲ ಮೇಷ್ಟರ ಕೈಯಲ್ಲಿ, ದುಡ್ಡು ಮೇಷ್ಟರ ಜೇಬಿನಲ್ಲಿ, ಚೌಕಾಸಿಯೂ ಮೇಷ್ಟರದೇ. ದಾರಿ ಮಾತ್ರ ಆಟೋದವನದು. ಈಗ ಅವನಿಗೆ ಮೇಷ್ಟರು ದಾರಿಯುದ್ದಕ್ಕೂ ಹಳೆಗನ್ನಡ ವ್ಯಾಕರಣ ಹೇಳಿಕೊಡುತ್ತಿದ್ದಾರೆಂದು ಸುದ್ದಿ.

ಕೊನೆಯದಾಗಿ, ಈ ಪುಟವನ್ನು ಓದುತ್ತಿರುವ ಐವತ್ತು ಅರವತ್ತರ ಆಸುಪಾಸಿನವರಿಗೆ ಒಂದು ಸೂಚನೆ. ಆಸ್ತಿಗೆ ಉಯಿಲು ಬರೆಯುವ ನಾವು ಇದಕ್ಕೂ ಒಂದು ಉಯಿಲು ಬರೆದಿಡಬಾರದೇಕೆ? ‘ನನ್ನ ವಾಹನ ಚಾಲನೆಯಲ್ಲಿ ಅಪಾಯ ಕಂಡ ದಿನ ಇಂಥವರು ಬಂದು ಹೇಳಲಿ. ಆಗ ನಾನು ಕೋಪಿಸಿಕೊಂಡರೂ ಅದನ್ನು ಲೆಕ್ಕಿಸಬೇಡಿ. ಈಗ ಬುದ್ಧಿ ನೆಟ್ಟಗಿರುವಾಗ ಬರೆಯುತ್ತಿರುವ ಈ ಮಾತೇ ನನ್ನ ಮಾತು’ ಎಂದು ಒಂದು ಹಾಳೆಯಲ್ಲಿ ಬರೆದು, ಹೆಸರು ಸೂಚಿಸಿ, ಸಹಿ ಹಾಕಿ, ಗಾಡಿಯ ಕಾಗದಪತ್ರಗಳೊಡನೆ ಇಟ್ಟರೆ ಸಾಕು. ಕೋರ್ಟಿನಲ್ಲಿ ಅದು ನಿಲ್ಲಬೇಕಾಗಿಲ್ಲ. ಮುಂದೆ ಎಂದೋ ಒಂದು ದಿನ, ತಂದೆಯ ಮುಂದೆ ಬಾಯಿ ಬಾರದೆ ನಿಂತ ಮಗಳ ಕೈಯಲ್ಲಿ ಅದು ಇದ್ದರೆ ಸಾಕು.